ನಕಟೋಮಿ ಕಟ್ಟಡದ ಒಡೆಯರು

ಪ್ರಶ್ನೆ: ಈಚೆಗೆ ಮಗನ ಜೊತೆ ಕುಳಿತು ‘ಡೈ ಹಾರ್ಡ್’ ಚಿತ್ರವನ್ನು ಮತ್ತೆ ನೋಡಿದೆ. ಆ ಕಟ್ಟಡ ಜಪಾನಿ ಕಂಪನಿಯೊಂದರದು ಎಂಬುದನ್ನು ಹಿಂದೆ ನೋಡಿದಾಗ ಗಮನಿಸಿಯೇ ಇರಲಿಲ್ಲ. ಅದೇ ಕಾಲದ ಇನ್ನೂ ಕೆಲವು ಹಾಲಿವುಡ್ ಚಿತ್ರಗಳಲ್ಲಿ ಜಪಾನೀಯರು ಯಜಮಾನರಾಗಿಯೂ ಅಮೆರಿಕನ್ನರು ಅವರ ಕೈಕೆಳಗೆ ಒಳಗೊಳಗೇ ಕುದಿಯುವವರಾಗಿಯೂ ಕಾಣಿಸಿಕೊಳ್ಳುತ್ತಾರೆ. ಇದು ಜನಾಂಗ ದ್ವೇಷವೋ, ನಿಜವಾದ ಆರ್ಥಿಕ ಭಯವೋ? ಈಗ ಆ ಜಾಗಕ್ಕೆ ಚೀನಾ ಬಂದಿದೆಯೇ? ಮುಂದೆ ನಮ್ಮ ಸರದಿಯೂ ಬಂದೀತೇ? (ತುಮಕೂರಿನ ಓದುಗರೊಬ್ಬರು)

ಉತ್ತರ: ಎರಡೂ ಹೌದು. ಭಯಕ್ಕೆ ಕಾರಣವಿತ್ತು, ಕೆಲಸಗಳು ಹೋದದ್ದು, ಕಾರ್ಖಾನೆಯನ್ನೇ ನೆಚ್ಚಿಕೊಂಡಿದ್ದ ಊರುಗಳು ಬರಿದಾದದ್ದು ಕಟ್ಟುಕಥೆಯಲ್ಲ. ಆದರೆ ಆ ಭಯ ಯಾರ ಕಡೆಗೆ ಬೆರಳು ತೋರಿಸಿತು ಎಂದು ಕೇಳಿದೊಡನೆ ಜನಾಂಗದ ವಿಷಯ ಬಂದೇ ಬರುತ್ತದೆ. ಡಾಲರಿನ ವಿನಿಮಯ ದರ, ಷೇರುದಾರರ ಒತ್ತಡ, ಆಡಳಿತ ಮಂಡಳಿಯ ನಿರ್ಣಯ, ಇವು ಯಾವುವನ್ನೂ ಕ್ಯಾಮೆರಾ ಹಿಡಿಯಲಾರದು. ಕುರ್ಚಿಯಲ್ಲಿ ಕುಳಿತ ಮನುಷ್ಯನನ್ನು ಮಾತ್ರ ಹಿಡಿಯಬಲ್ಲುದು. ಹಾಗಾಗಿ ಇಂಥ ಚಿತ್ರಗಳಲ್ಲಿ ಕುರ್ಚಿಯನ್ನು ಮಾರಿ ಹೋದವನು ಕಾಣಿಸುವುದೇ ಇಲ್ಲ, ಕೊಂಡು ಬಂದು ಕುಳಿತವನು ಮಾತ್ರ ಕಾಣಿಸುತ್ತಾನೆ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ನಮ್ಮ ಗಾದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಿತ್ರಗಳನ್ನು ನೋಡಿದರೆ, ಯಾವುದು ಕೊತ್ತಿಯನ್ನು ಮಾತ್ರ ಹೊಡೆಯುತ್ತದೆ, ಯಾವುದು ಅತ್ತೆಯ ಕೋಣೆಯವರೆಗೂ ಹೋಗುವ ಧೈರ್ಯ ಮಾಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಹಿನ್ನೆಲೆ. 1979ರ ಇರಾನಿನ ಕ್ರಾಂತಿಯ ಬೆನ್ನಿಗೇ ಪೆಟ್ರೋಲಿನ ಬೆಲೆ ಏರಿದಾಗ ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯಿಟಿನ ದೊಡ್ಡ ದೊಡ್ಡ ಕಾರುಗಳು ಮಾರಾಟವಾಗದೆ ನಿಂತವು, ಕಡಿಮೆ ಇಂಧನ ಕುಡಿಯುವ ಜಪಾನಿನ ಪುಟ್ಟ ಕಾರುಗಳಿಗೆ ಬೇಡಿಕೆ ಬಂತು. 1980ರಲ್ಲಿ ಜಪಾನು ಅಮೆರಿಕವನ್ನು ಹಿಂದೆ ಹಾಕಿ ಜಗತ್ತಿನ ಅತಿ ದೊಡ್ಡ ಕಾರು ತಯಾರಕ ದೇಶವಾಯಿತು. ಕ್ರೈಸ್ಲರ್ ಕಂಪನಿ ಮುಳುಗುವ ಸ್ಥಿತಿಗೆ ಬಂದು, ಸರ್ಕಾರವೇ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು. 1981ರಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದ ಜಪಾನು ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸುವುದಿಲ್ಲವೆಂದು ಒಪ್ಪಿಕೊಂಡಿತು. ಇದರ ಪರಿಣಾಮ ಅಮೆರಿಕ ಬಯಸಿದ್ದಕ್ಕಿಂತ ಬೇರೆಯಾಗಿತ್ತು. ಎಣಿಕೆಗೆ ಮಿತಿಯಿದ್ದುದರಿಂದ ಜಪಾನೀಯರು ಹೆಚ್ಚು ಲಾಭದ ದೊಡ್ಡ ಕಾರುಗಳತ್ತ ಹೊರಳಿದರು, ಹಡಗಿನಲ್ಲಿ ತರುವ ಬದಲು ಅಮೆರಿಕದ ನೆಲದಲ್ಲೇ ಕಾರ್ಖಾನೆ ತೆರೆದರು. ಹೋಂಡಾ 1982ರಲ್ಲಿ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ, ನಿಸ್ಸಾನ್ 1983ರಲ್ಲಿ ಟೆನೆಸಿಯಲ್ಲಿ ಕೆಲಸ ಆರಂಭಿಸಿದವು. ಅಂಗಡಿಯಲ್ಲಿ ಸರಕಾಗಿದ್ದ ಜಪಾನು ಹೀಗೆ ಊರಿನ ಯಜಮಾನನಾಗಿ ಬಂತು.

ಎರಡನೆಯ ತಿರುವು 1985ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಆಯಿತು. ತನ್ನ ರಫ್ತು ಹೆಚ್ಚಬೇಕೆಂದು ಅಮೆರಿಕವೇ ಮುಂದಾಗಿ ಉಳಿದ ನಾಲ್ಕು ದೇಶಗಳನ್ನು ಒಪ್ಪಿಸಿ ಡಾಲರಿನ ಬೆಲೆ ಇಳಿಸಿತು. ಆಗ ಸುಮಾರು 240 ಯೆನ್ ಕೊಟ್ಟರೆ ಸಿಗುತ್ತಿದ್ದ ಡಾಲರು 1988ರ ಹೊತ್ತಿಗೆ ಸುಮಾರು 125 ಯೆನ್ನಿಗೆ ಸಿಗತೊಡಗಿತು. ಟೋಕಿಯೋದಿಂದ ನೋಡುವವನಿಗೆ ಅಮೆರಿಕದ ಕಟ್ಟಡ, ಜಮೀನು, ಕಂಪನಿ ಎಲ್ಲವೂ ಅರ್ಧ ಬೆಲೆಗೆ ಬಂದಂತಾಯಿತು. ‘ಜಪಾನೀಯರು ನಮ್ಮ ದೇಶವನ್ನೇ ಕೊಂಡುಕೊಳ್ಳುತ್ತಿದ್ದಾರೆ’ ಎಂಬ ಕೂಗು ಎದ್ದದ್ದು ಆಮೇಲೆ. ಆ ಮಾರಾಟದ ರಿಯಾಯಿತಿ ಫಲಕವನ್ನು ಬರೆದು ತೂಗುಹಾಕಿದ ಕೈ ವಾಷಿಂಗ್ಟನ್ನಿನದೇ ಎಂಬುದನ್ನು ಹೇಳುವ ಹಾಲಿವುಡ್ ಚಿತ್ರವನ್ನು ನಾನು ಈವರೆಗೆ ನೋಡಿಲ್ಲ.

ಇನ್ನು ನೀವು ನೋಡಿದ ಚಿತ್ರಕ್ಕೆ ಬರೋಣ. 1988ರ ಜುಲೈನಲ್ಲಿ ತೆರೆಕಂಡ ‘ಡೈ ಹಾರ್ಡ್’ಗೆ ಆಧಾರವಾದ ಕಾದಂಬರಿ 1979ರದು, ಅದರಲ್ಲಿ ಕಟ್ಟಡ ಅಮೆರಿಕದ ಒಂದು ತೈಲ ಕಂಪನಿಯದು. ಒಂಬತ್ತು ವರ್ಷ ಕಳೆದು ಚಿತ್ರವಾಗುವಾಗ ಅದೇ ಕಟ್ಟಡ ನಕಟೋಮಿ ಎಂಬ ಜಪಾನಿ ಕಂಪನಿಯ ಪಾಲಾಯಿತು. ಕಥೆಯ ನಡೆಗೆ ಈ ಬದಲಾವಣೆ ಬೇಕೇ ಇರಲಿಲ್ಲ, ಏಕೆಂದರೆ ಕಟ್ಟಡಕ್ಕೆ ನುಗ್ಗಿ ಅಲ್ಲಿದ್ದವರನ್ನು ಒತ್ತೆಯಿಟ್ಟುಕೊಳ್ಳುವ ದರೋಡೆಕೋರರು ಯಾವ ಕಂಪನಿಯ ತಿಜೋರಿಯನ್ನಾದರೂ ಒಡೆಯಬಹುದಿತ್ತು. ಗಗನಚುಂಬಿ ಕಟ್ಟಡ ಎಂದೊಡನೆ ಪ್ರೇಕ್ಷಕನ ಮನಸ್ಸಿನಲ್ಲಿ ಮೂಡುವ ಒಡೆಯ ಯಾರು ಎಂಬ ಲೆಕ್ಕ ಬದಲಾಗಿತ್ತು, ಅಷ್ಟೇ.

ನ್ಯೂಯಾರ್ಕಿನ ಪೊಲೀಸು ಜಾನ್ ಮೆಕ್ಲೇನ್ ಕ್ರಿಸ್ಮಸ್ಸಿನ ಹಿಂದಿನ ದಿನ ಲಾಸ್ ಏಂಜಲೀಸಿಗೆ ಬಂದು, ಕಟ್ಟಡದ ಕೆಳಗಿನ ಕಂಪ್ಯೂಟರ್ ಪರದೆಯಲ್ಲಿ ಹೆಂಡತಿಯ ಹೆಸರು ಹುಡುಕುತ್ತಾನೆ. ಅವನ ಮನೆತನದ ಹೆಸರಿನಡಿ ಅವಳು ಸಿಗುವುದಿಲ್ಲ; ತವರಿನ ಹೆಸರಿನಲ್ಲಿ ಸಿಗುತ್ತಾಳೆ. ಅವನ ಮುಖ ಕಪ್ಪಿಡುವುದು ಅಲ್ಲಿ. ಹೆಂಡತಿ ಅವನಿಗಿಂತ ಮೇಲೇರಿದ್ದಾಳೆ, ಆ ಏಣಿಯನ್ನು ಒದಗಿಸಿದವನು ಪರದೇಶಿ; ಹೀಗೆ ಎರಡು ಮುನಿಸುಗಳು ಒಂದೇ ಪರದೆಯಲ್ಲಿ ಹೆಣೆದುಕೊಳ್ಳುತ್ತವೆ. ಕಂಪನಿ ಅವಳ ದುಡಿಮೆಯನ್ನು ಮೆಚ್ಚಿ ಕೊಟ್ಟ ರೋಲೆಕ್ಸ್ ಗಡಿಯಾರವನ್ನು ಗಂಡನಿಗೆ ತೋರಿಸುವಂತೆ ಸಹೋದ್ಯೋಗಿಯೊಬ್ಬ ಒತ್ತಾಯಿಸುತ್ತಾನೆ. ಚಿತ್ರದ ಕೊನೆಯಲ್ಲಿ ಖಳನಾಯಕ ಕಿಟಕಿಯಾಚೆ ಜೋತುಬಿದ್ದು ಹಿಡಿದುಕೊಂಡಿರುವುದು ಆ ಗಡಿಯಾರ ಕಟ್ಟಿದ ಮಣಿಕಟ್ಟನ್ನೇ. ಗಂಡ ಅದರ ಕೊಂಡಿಯನ್ನು ಬಿಡಿಸಿದಾಗ ಖಳ ಬೀಳುತ್ತಾನೆ, ಗಡಿಯಾರವೂ ಹೋಗುತ್ತದೆ, ಹೆಂಡತಿ ಉಳಿಯುತ್ತಾಳೆ. ಕಂಪನಿ ತೊಡಿಸಿದ್ದನ್ನು ಗಂಡ ಕಳಚಿದ ಮೇಲೆ ಸಂಸಾರ ಸರಿಹೋಯಿತು ಎಂಬ ಸಮಾಧಾನವನ್ನು ಚಿತ್ರ ಒಂದು ಮಾತೂ ಆಡದೆ ಕೊಟ್ಟುಬಿಡುತ್ತದೆ. ಅಮೆರಿಕದ ಆ ದಶಕದ ಮನಸ್ಸನ್ನು ಅರಿಯಲು ಚಿತ್ರದ ಗುಂಡಿನ ಕಾಳಗಗಳಿಗಿಂತ ಈ ಗಡಿಯಾರವನ್ನು ಹಿಂಬಾಲಿಸುವುದು ಹೆಚ್ಚು ಪ್ರಯೋಜನಕರವೆಂದು ನನ್ನ ಅನುಭವ.

ಜಪಾನಿ ಯಜಮಾನನ ವಿಷಯದಲ್ಲಿ ಮಾತ್ರ ಚಿತ್ರ ಅನಿರೀಕ್ಷಿತವಾಗಿ ಉದಾರವಾಗಿದೆ. ಜಪಾನಿನಲ್ಲೂ ಕ್ರಿಸ್ಮಸ್ ಆಚರಿಸುತ್ತಾರೆಯೇ ಎಂದು ಮೆಕ್ಲೇನ್ ಕೆಣಕಿದಾಗ ಕಂಪನಿಯ ಮುಖ್ಯಸ್ಥ ಟಕಾಗಿ ನಗುತ್ತ ಕೊಡುವ ಉತ್ತರದ ಸಾರಾಂಶ ಇದು: ಪರ್ಲ್ ಹಾರ್ಬರಿನ ಮೇಲಿನ ಯುದ್ಧಕಾಲದ ದಾಳಿಯಿಂದ ಆಗದ ಕೆಲಸವನ್ನು ಟೇಪ್ ರೆಕಾರ್ಡರುಗಳಿಂದ ಮಾಡಿ ಮುಗಿಸಿದೆವು. (ಈ ಮಾತನ್ನು ನಾನು ಮೊದಲು ಕೇಳಿಸಿಕೊಂಡದ್ದು ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ, ಜಪಾನಿನಲ್ಲಿ ತಯಾರಾದ ಯಂತ್ರದ ಮೂಲಕ.) ಆಮೇಲೆ ಖಳನಾಯಕ ಗ್ರೂಬರ್ ಒತ್ತೆಯಾಳುಗಳ ಗುಂಪಿನ ಮುಂದೆ ನಿಂತು ಟಕಾಗಿಯ ಜೀವನಚರಿತ್ರೆಯನ್ನು ಗಟ್ಟಿಯಾಗಿ ಹೇಳುತ್ತಾನೆ: 1937ರಲ್ಲಿ ಕ್ಯೋಟೋದಲ್ಲಿ ಜನನ, 1939ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ವಲಸೆ, 1942ರಿಂದ 43ರವರೆಗೆ ಮಾಂಜನಾರ್‌ನಲ್ಲಿ ಸೆರೆ, ಆಮೇಲೆ ವಿದ್ಯಾರ್ಥಿವೇತನ, ಕಾನೂನು ಪದವಿ, ಹಾರ್ವರ್ಡ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಮೂರನೆಯ ಎರಡು ಭಾಗ ಅಮೆರಿಕದ ಪ್ರಜೆಗಳೇ ಆಗಿದ್ದರೂ, ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತ್ತು. ಬೇಸಿಗೆಯ ಜನಪ್ರಿಯ ಚಿತ್ರವೊಂದರಲ್ಲಿ ಆ ಶಿಬಿರದ ಹೆಸರು ಹೀಗೆ ಹಾದುಹೋಗಿ ಒಂದು ತಿಂಗಳೂ ಆಗಿರಲಿಲ್ಲ. 1988ರ ಆಗಸ್ಟ್ 10ರಂದು, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನಿಗೆ ರಾಷ್ಟ್ರಾಧ್ಯಕ್ಷರ ಸಹಿ ಬಿತ್ತು. ಟಕಾಗಿ ಪರದೇಶಿ ಅಲ್ಲ, ಸೆರೆಯಿಂದ ಎದ್ದು ಬಂದ ಅಮೆರಿಕನ್ ಎಂಬುದನ್ನು ಚಿತ್ರ ತಿಳಿದೇ ಹೇಳಿದೆ. ಹೇಳಿ, ಸ್ವಲ್ಪ ಹೊತ್ತಿಗೇ ಅವನನ್ನು ಕೊಂದುಹಾಕುತ್ತದೆ.

ಇದಕ್ಕಿಂತ ಎರಡು ವರ್ಷ ಮೊದಲು ಬಂದ, ರಾನ್ ಹವರ್ಡ್ ನಿರ್ದೇಶನದ ‘ಗಂಗ್ ಹೋ’ ಹಾಸ್ಯಚಿತ್ರ. ನೋಡಲು ಒರಟಾಗಿದೆ, ಜಪಾನೀಯರನ್ನು ತೋರಿಸುವ ಬಗೆಯಲ್ಲಿ ಹಲವೆಡೆ ಮುಜುಗರ ತರಿಸುತ್ತದೆ. ಆದರೂ ನಿಮ್ಮ ಪ್ರಶ್ನೆಗೆ ಅದು ‘ಡೈ ಹಾರ್ಡ್’ಗಿಂತ ಹತ್ತಿರದ್ದು, ಏಕೆಂದರೆ ಇಲ್ಲಿ ಸಂಘರ್ಷ ನಡೆಯುವುದು ಕಾರ್ಖಾನೆಯೊಳಗೆ, ಕೂಲಿಯ ಲೆಕ್ಕದಲ್ಲಿ. ಪೆನ್ಸಿಲ್ವೇನಿಯಾದ ಹ್ಯಾಡ್ಲಿವಿಲ್ ಎಂಬ ಕಲ್ಪಿತ ಊರಿನ ಕಾರು ಕಾರ್ಖಾನೆ ಮುಚ್ಚಿದೆ. ಮೇಸ್ತ್ರಿಯಾಗಿದ್ದ ಹಂಟ್ ಸ್ಟೀವನ್‌ಸನ್ ಟೋಕಿಯೋಗೆ ಹೋಗಿ, ಬಂದು ನಡೆಸಿಕೊಡಿ ಎಂದು ಜಪಾನಿ ಕಂಪನಿಯೊಂದನ್ನು ಕೇಳಿಕೊಳ್ಳುತ್ತಾನೆ. ಇದನ್ನು ಗಮನಿಸಬೇಕು: ಇಲ್ಲಿ ಜಪಾನೀಯರು ನುಗ್ಗಿ ಬಂದವರಲ್ಲ, ಕೈಮುಗಿದು ಕರೆಸಿಕೊಂಡವರು. ಬಂದ ಮೇಲೆ ಕೂಲಿ ಕಡಿಮೆ, ನಿಯಮ ಹೆಚ್ಚು. ಬೆಳಿಗ್ಗೆ ಎದ್ದು ಸಾಲಾಗಿ ನಿಂತು ವ್ಯಾಯಾಮ ಬೇರೆ. ಬಿಡದಿಯ ಟೊಯೋಟಾ ಕಾರು ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದು ‘ಕೈಝೆನ್’ (ಕೆಲಸದ ನಿರಂತರ ಸುಧಾರಣೆ) ಎಂಬ ಪದವನ್ನು ದಿನವೂ ಕೇಳಿದವರಿಗೆ ಈ ದೃಶ್ಯಗಳು ಅಷ್ಟು ವಿಚಿತ್ರವಾಗಿ ಕಾಣಲಾರವು. ಅಮೆರಿಕದ ಪ್ರೇಕ್ಷಕನಿಗೆ ಅವು ಅವಮಾನವಾಗಿ ಕಂಡವು.

ಒಂದು ತಿಂಗಳಲ್ಲಿ 15,000 ಕಾರು ತಯಾರಿಸಿದರೆ ಹಳೆಯ ಕೂಲಿ ವಾಪಸು ಎಂಬ ಪಂಥವನ್ನು ಹಂಟ್ ಒಪ್ಪಿಕೊಂಡು ಬರುತ್ತಾನೆ. ಕೆಲಸಗಾರರು ಗೊಣಗಿದಾಗ, 13,000 ಆದರೂ ಅರ್ಧದಷ್ಟು ಏರಿಕೆ ಸಿಗುತ್ತದೆಂದು ಸುಳ್ಳು ಹೇಳುತ್ತಾನೆ. ತನ್ನವರ ಮುಂದೆ ದೊಡ್ಡವನಾಗಿ ಉಳಿಯುವ ಆಸೆಯಿಂದ ಸುಳ್ಳಾಡುವ ನಾಯಕನನ್ನು ಹಾಲಿವುಡ್ ಹಾಸ್ಯಚಿತ್ರವೊಂದು ಹೀಗೆ ಬಯಲಿಗಿಟ್ಟಿದೆಯಲ್ಲ, ಅದಕ್ಕಾಗಿ ನನಗೆ ಈ ಚಿತ್ರದ ಮೇಲೆ ಗೌರವ. ಕೊನೆಗೆ ಎಣಿಕೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ, ಹಂಟ್ ಓಡಿಸಿಕೊಂಡು ಹೊರಟ ಕಾರು ಅಲ್ಲೇ ಕಳಚಿ ಬೀಳುತ್ತದೆ, ಆದರೂ ಜಪಾನಿನಿಂದ ಬಂದ ದೊಡ್ಡ ಅಧಿಕಾರಿ ನಕ್ಕು ಒಪ್ಪಿಬಿಡುತ್ತಾನೆ. ಅಂತ್ಯ ಸಕ್ಕರೆಯದು. ನಿಜಜೀವನದಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜಂಟಿಯಾಗಿ ಮತ್ತೆ ತೆರೆಯಿತು. ಗೈರುಹಾಜರಿಗೆ, ಜಗಳಕ್ಕೆ ಹೆಸರಾಗಿದ್ದ ಹಳೆಯ ಕೆಲಸಗಾರರಲ್ಲೇ ಬಹುಪಾಲು ಜನರನ್ನು ಮತ್ತೆ ಸೇರಿಸಿಕೊಂಡರು, ಅದೇ ಕಾರ್ಮಿಕ ಸಂಘವೂ ಉಳಿಯಿತು; ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ಅಧಿಕಾರ ಹೊಸದಾಗಿ ಸಿಕ್ಕಿತು. ಕಾರುಗಳ ಗುಣಮಟ್ಟ ಬೇಗನೆ ಏರಿತು. ಕೆಟ್ಟಿದ್ದದ್ದು ಕೆಲಸಗಾರರಲ್ಲ, ಕೆಲಸದ ವ್ಯವಸ್ಥೆ ಎಂಬ ಮಾತನ್ನು ಒಪ್ಪಿಕೊಳ್ಳುವುದು ಡೆಟ್ರಾಯಿಟಿನ ಆಡಳಿತ ಮಂಡಳಿಗಳಿಗೆ ಬಹಳ ಕಷ್ಟವಾಯಿತು.

ಈಗ ನಾನು ನಿಧಾನಿಸಬೇಕಾದ ಜಾಗ. 1982ರ ಜೂನ್ 19ರ ರಾತ್ರಿ, ಡೆಟ್ರಾಯಿಟಿಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕಿನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ನಕ್ಷೆಗಾರ, ತನ್ನ ಮದುವೆಗೆ ಕೆಲವೇ ದಿನಗಳಿರುವಾಗ ಗೆಳೆಯರೊಡನೆ ಬಾರೊಂದಕ್ಕೆ ಹೋಗಿದ್ದ. ಅಲ್ಲಿದ್ದ ಇಬ್ಬರೊಡನೆ ಜಗಳವಾಯಿತು. ಒಬ್ಬ ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡಿದ್ದ ಅವನ ಮಲಮಗ. ನಿಮ್ಮಂಥವರಿಂದಲೇ ನಮಗೆ ಕೆಲಸವಿಲ್ಲ ಎಂಬರ್ಥದ ಮಾತನ್ನು ಕೇಳಿಸಿಕೊಂಡೆವೆಂದು ಸಾಕ್ಷಿ ನುಡಿದವರಿದ್ದಾರೆ. ಆ ಇಬ್ಬರು ಅವನನ್ನು ಬೀದಿಯಲ್ಲಿ ಹುಡುಕಿ ಬೇಸ್‌ಬಾಲ್ ದಾಂಡಿನಿಂದ ತಲೆಗೆ ಹೊಡೆದರು. ನಾಲ್ಕು ದಿನಗಳ ನಂತರ ಆತ ತೀರಿಕೊಂಡ. ಅವನು ಚೀನೀ ಮೂಲದವನು, ಜಪಾನೀಯನಲ್ಲ. ಹೊಡೆದವನು ದುಡಿಯುತ್ತಿದ್ದ ಕ್ರೈಸ್ಲರ್ ಕಂಪನಿಯೇ ಆ ಕಾಲದಲ್ಲಿ ಮಿತ್ಸುಬಿಷಿ ತಯಾರಿಸಿದ ಕಾರನ್ನು ತನ್ನ ಡಾಡ್ಜ್ ಹೆಸರಿನಲ್ಲಿ ಮಾರುತ್ತಿತ್ತು. 1983ರ ಮಾರ್ಚಿನಲ್ಲಿ ನ್ಯಾಯಾಧೀಶರು ವಿಧಿಸಿದ್ದು ಜೈಲುವಾಸವಲ್ಲ, ಮೂರು ವರ್ಷದ ನಿಗಾ (ಪ್ರೊಬೇಷನ್) ಮತ್ತು 3,000 ಡಾಲರ್ ದಂಡ. ಆಮೇಲೆ ಫೆಡರಲ್ ನ್ಯಾಯಾಲಯದಲ್ಲಿ ಒಬ್ಬನಿಗೆ ಶಿಕ್ಷೆಯಾದರೂ ಅದು ಮೇಲ್ಮನವಿಯಲ್ಲಿ ರದ್ದಾಗಿ, 1987ರ ಮರುವಿಚಾರಣೆಯಲ್ಲಿ ಅವನ ಬಿಡುಗಡೆಯಾಯಿತು.

ಕ್ರಿಸ್ಟೀನ್ ಚಾಯ್ ಮತ್ತು ರೆನೀ ತಾಜಿಮಾ ಸೇರಿ ಮಾಡಿದ ‘ಹೂ ಕಿಲ್ಡ್ ವಿನ್ಸೆಂಟ್ ಚಿನ್?’ ಎಂಬ ಸಾಕ್ಷ್ಯಚಿತ್ರವನ್ನು ನಾನು ಈ ವಿಷಯದ ಎಲ್ಲ ಚಿತ್ರಗಳಿಗಿಂತ ಮೇಲಿಡುತ್ತೇನೆ. ಅದರಲ್ಲಿ ನಿರೂಪಕರ ದನಿಯಿಲ್ಲ. ಕೊಂದವನು ತನ್ನ ಮನೆಯಲ್ಲಿ ಕುಳಿತು, ದನಿ ಏರಿಸದೆ, ತನ್ನದೊಂದು ದುರದೃಷ್ಟ ಎಂಬಂತೆ ಮಾತಾಡುತ್ತಾನೆ. ಮಗನನ್ನು ಕಳೆದುಕೊಂಡ ತಾಯಿ ಬಿಕ್ಕುತ್ತ, ಮುರುಕು ಇಂಗ್ಲಿಷಿನಲ್ಲಿ ನ್ಯಾಯ ಕೇಳುತ್ತಾಳೆ. ಇವುಗಳ ನಡುವೆ ಆ ಊರಿನ ಕಾರು ಜಾಹೀರಾತುಗಳು, ಹಾಡುಗಳು, ಸುದ್ದಿವಾಚಕರ ಮುಖಗಳು ಬಂದು ಹೋಗುತ್ತವೆ. ಕೈ ಎತ್ತಿದವರು ಇಬ್ಬರು ಎಂಬುದರಲ್ಲಿ ಚಿತ್ರಕ್ಕೆ ಸಂಶಯವಿಲ್ಲ. ಆ ಕೈಗೆ ‘ಜಪಾನಿ’ ಎಂಬ ಗುರಿಯನ್ನು ತೋರಿಸಿಕೊಟ್ಟವರು ಎಷ್ಟು ಜನ ಎಂಬ ಪ್ರಶ್ನೆಯನ್ನು ಅದು ಶೀರ್ಷಿಕೆಯಲ್ಲಿಟ್ಟುಕೊಂಡಿದೆ. ಆ ವರ್ಷಗಳಲ್ಲಿ ಕಾರ್ಮಿಕರು ಜಪಾನಿ ಕಾರನ್ನು ಸುತ್ತಿಗೆಯಿಂದ ಜಜ್ಜುವ ಪ್ರದರ್ಶನಗಳು ನಡೆಯುತ್ತಿದ್ದವು. 1987ರಲ್ಲಿ ಸಂಸತ್ತಿನ ಸದಸ್ಯರೇ ಕ್ಯಾಪಿಟಲ್ ಕಟ್ಟಡದ ಹುಲ್ಲಿನ ಮೇಲೆ ನಿಂತು ತೋಷಿಬಾ ರೇಡಿಯೋವೊಂದನ್ನು ಪುಡಿ ಮಾಡಿದರು.

ಮುನಿಸು ಕಾರ್ಖಾನೆಯಿಂದ ಹೊರಟು ಸಿನಿಮಾದ ಮನೆಗೇ ಬಂದದ್ದು 1989ರಲ್ಲಿ. ಆ ಸೆಪ್ಟೆಂಬರಿನಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲ್ಯಾಕ್ ರೇನ್’ ತೆರೆಕಂಡಿತು. ಓಸಾಕಾದ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಕೆನ್ ತಕಾಕುರಾ ಅದರಲ್ಲಿ ಅಮೆರಿಕನ್ ಪೊಲೀಸನಿಗೆ ಹೇಳುವ ಮಾತಿನ ತಾತ್ಪರ್ಯ: ಸಂಗೀತ, ಸಿನಿಮಾ ಬಿಟ್ಟರೆ ಅಮೆರಿಕಕ್ಕೆ ಈಗ ಬೇರೇನೂ ಬಾರದು, ಯಂತ್ರಗಳನ್ನು ಮಾಡುವವರು ನಾವು, ಶಾಂತಿಯಲ್ಲಿ ಗೆದ್ದವರು ನಾವು. ಅದೇ ತಿಂಗಳು ಸೋನಿ ಕಂಪನಿಯು ಕೊಲಂಬಿಯಾ ಪಿಕ್ಚರ್ಸ್ ಸಂಸ್ಥೆಯನ್ನು 340 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ‘ನ್ಯೂಸ್‌ವೀಕ್’ ಪತ್ರಿಕೆ ತನ್ನ ಮುಖಪುಟದಲ್ಲಿ ಕೊಲಂಬಿಯಾದ ಲಾಂಛನವಾದ ದೀಪಧಾರಿ ಮಹಿಳೆಗೆ ಕಿಮೊನೊ ಉಡಿಸಿ, ಜಪಾನ್ ಹಾಲಿವುಡ್ಡಿನ ಮೇಲೆ ದಾಳಿಯಿಟ್ಟಿದೆ ಎಂದು ಬರೆಯಿತು. ಅಕ್ಟೋಬರಿನಲ್ಲಿ ಮಿತ್ಸುಬಿಷಿ ಎಸ್ಟೇಟ್ ಕಂಪನಿ ನ್ಯೂಯಾರ್ಕಿನ ಹೆಸರಾಂತ ಕಟ್ಟಡ ಸಮೂಹವಾದ ರಾಕ್‌ಫೆಲರ್ ಸೆಂಟರಿನ ಒಡೆತನದ ಶೇಕಡಾ 51 ಪಾಲನ್ನು 84.6 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಜಪಾನಿನ ವಿದ್ಯುನ್ಮಾನ ಕಂಪನಿ ಮತ್ಸುಶಿಟಾ ಯೂನಿವರ್ಸಲ್ ಸ್ಟುಡಿಯೋವನ್ನು ಕೊಂಡಿತು.

ಇಲ್ಲಿ ಎರಡು ಹೋಲಿಕೆಗಳು ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನೇರ ಉತ್ತರ ಕೊಡುತ್ತವೆ. ಆ ದಿನಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ನೇರ ಹೂಡಿಕೆ ಮಾಡಿದ್ದ ದೇಶ ಬ್ರಿಟನ್, ಜಪಾನಲ್ಲ. ‘ಡೈ ಹಾರ್ಡ್’ ತಯಾರಿಸಿದ ಫಾಕ್ಸ್ ಸಂಸ್ಥೆಯನ್ನು ಆಸ್ಟ್ರೇಲಿಯಾ ಮೂಲದ ನ್ಯೂಸ್ ಕಾರ್ಪೊರೇಷನ್ 1985ರಲ್ಲೇ ಕೊಂಡಿತ್ತು, ನಕಟೋಮಿಯಾಗಿ ನಾವು ನೋಡುವುದೂ ಫಾಕ್ಸ್ ಪ್ಲಾಜಾ ಕಟ್ಟಡವನ್ನೇ. ಪರದೇಶದವರು ಕೊಂಡ ಸ್ಟುಡಿಯೋವೊಂದು ತನ್ನದೇ ಹೆಸರಿನ ಕಟ್ಟಡವನ್ನು ಬೇರೊಂದು ಪರದೇಶದವರು ಕೊಂಡಂತೆ ತೋರಿಸಿದಾಗ ಪ್ರೇಕ್ಷಕರಿಗೆ ಎರಡನೆಯದು ಮಾತ್ರ ಪರದೇಶವೆನಿಸಿತು. ಲಂಡನ್ನಿನ ಮತ್ತು ಸಿಡ್ನಿಯ ಹಣಕ್ಕೆ ಬಣ್ಣವಿರಲಿಲ್ಲ. ಭಯ ಆರ್ಥಿಕವಾದದ್ದೇ ಆಗಿದ್ದರೆ ಅದು ಹೂಡಿಕೆಯ ಮೊತ್ತದ ಹಿಂದೆ ಹೋಗಬೇಕಿತ್ತು. ಅದು ಹೋದದ್ದು ಮುಖದ ಹಿಂದೆ.

1992ರಲ್ಲಿ ಮೈಕೆಲ್ ಕ್ರೈಟನ್ ಬರೆದು ಮರುವರ್ಷ ಫಿಲಿಪ್ ಕಾಫ್‌ಮನ್ ಚಿತ್ರವಾಗಿಸಿದ ‘ರೈಸಿಂಗ್ ಸನ್’ ಈ ಸಾಲಿನ ಅತ್ಯಂತ ಪ್ರಸಿದ್ಧ ಕೃತಿಯಾದರೂ ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಜಪಾನಿ ಕಂಪನಿಯ ಗೋಪುರದಲ್ಲಿ ಒಂದು ಕೊಲೆ, ತಿದ್ದಿದ ವಿಡಿಯೋ ಸಾಕ್ಷ್ಯ, ಜಪಾನಿನ ರೀತಿನೀತಿಗಳನ್ನು ಬಲ್ಲೆನೆಂದು ಉದ್ದಕ್ಕೂ ಪಾಠ ಹೇಳುವ ಬಿಳಿಯ ಹಿರಿಯ. ಕಾದಂಬರಿಯಲ್ಲಿ ಕೊಲೆಗಾರ ಜಪಾನೀಯ; ಏಷ್ಯನ್ ಅಮೆರಿಕನ್ ಸಂಘಟನೆಗಳು ಆಕ್ಷೇಪಿಸಿದ್ದ ಆ ಕಥೆ ಚಿತ್ರವಾದಾಗ ಕೊಲೆಗಾರ ಅಮೆರಿಕನ್ನನಾದ. ಅಪರಾಧಿ ಬದಲಾದರೂ ಸಂಶಯದ ನೋಟ ಬದಲಾಗಲಿಲ್ಲ. ಎರಡು ಗಂಟೆ ಯಾರನ್ನು ಶಂಕಿಸಿದೆವೋ ಅವರು ಕೊನೆಯ ಹತ್ತು ನಿಮಿಷದಲ್ಲಿ ನಿರಪರಾಧಿಗಳಾದರೆ ಮನಸ್ಸಿನಲ್ಲಿ ಉಳಿಯುವುದು ಆ ಎರಡು ಗಂಟೆಯೇ. ಅಷ್ಟಕ್ಕೂ ಚಿತ್ರ ಬಂದ ಹೊತ್ತಿಗೆ ಸೂರ್ಯ ಇಳಿಯತೊಡಗಿದ್ದ. 1989ರ ಡಿಸೆಂಬರ್ 29ರಂದು 38,915ಕ್ಕೇರಿದ್ದ ಟೋಕಿಯೋ ಷೇರು ಸೂಚ್ಯಂಕ 1992ರ ಆಗಸ್ಟಿನಲ್ಲಿ 15,000ಕ್ಕಿಂತ ಕೆಳಗೆ ಬಿದ್ದಿತ್ತು. 1994ರಲ್ಲಿ ಸೋನಿ ತನ್ನ ಸ್ಟುಡಿಯೋದ ಲೆಕ್ಕದಲ್ಲಿ ಸುಮಾರು 270 ಕೋಟಿ ಡಾಲರನ್ನು ನಷ್ಟವೆಂದು ಬರೆದುಹಾಕಿತು, ಮರುವರ್ಷ ರಾಕ್‌ಫೆಲರ್ ಸೆಂಟರ್ ದಿವಾಳಿ ಅರ್ಜಿ ಹಾಕಿತು, ಮತ್ಸುಶಿಟಾ ಯೂನಿವರ್ಸಲ್ಲಿನ ಶೇಕಡಾ 80 ಪಾಲನ್ನು ಮಾರಿಬಿಟ್ಟಿತು. ಅಮೆರಿಕವನ್ನು ನುಂಗುವರೆಂದು ಹೆದರಿಸಲಾದವರು ದುಬಾರಿ ಬೆಲೆ ತೆತ್ತು ಕೈಸುಟ್ಟುಕೊಂಡು ಹಿಂದಿರುಗಿದ್ದರು.

ಅತ್ತೆಯ ಕೋಣೆಗೆ ಹೋಗುವ ಧೈರ್ಯ ಎಂದೆನಲ್ಲ, ಅದನ್ನು ತೋರಿಸಿದ್ದು ಇದೇ 1989ರಲ್ಲಿ ಬಂದ ಮೈಕೆಲ್ ಮೂರ್ ಅವರ ‘ರೋಜರ್ ಅಂಡ್ ಮಿ’. ಮಿಶಿಗನ್ನಿನ ಫ್ಲಿಂಟ್ ಪಟ್ಟಣದಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಗಳನ್ನು ಮುಚ್ಚಿ ಕೆಲಸವನ್ನು ಮೆಕ್ಸಿಕೊಕ್ಕೆ ಸಾಗಿಸಿದಾಗ ಮೂರ್ ಹುಡುಕಿಕೊಂಡು ಹೊರಟದ್ದು ಮೆಕ್ಸಿಕೊದ ಕೂಲಿಯವನನ್ನಲ್ಲ, ಜಪಾನೀಯನನ್ನೂ ಅಲ್ಲ. ಕಂಪನಿಯ ಅಧ್ಯಕ್ಷ ರೋಜರ್ ಸ್ಮಿತ್ ಅವರನ್ನು. ಕ್ರಿಸ್ಮಸ್ಸಿನ ಹಿಂದಿನ ದಿನ ಅಧ್ಯಕ್ಷರು ಹಬ್ಬದ ಭಾಷಣ ಮಾಡುತ್ತಿರುವಾಗ, ಫ್ಲಿಂಟಿನಲ್ಲಿ ಬಾಡಿಗೆ ಕಟ್ಟಲಾಗದ ಕುಟುಂಬವೊಂದರ ಸಾಮಾನುಗಳನ್ನು, ಅಲಂಕರಿಸಿದ ಕ್ರಿಸ್ಮಸ್ ಮರದ ಸಮೇತ, ಬೀದಿಗೆ ತಂದಿಡುತ್ತಾರೆ. ಘಟನೆಗಳ ಕಾಲಾನುಕ್ರಮವನ್ನು ಮೂರ್ ತಮಗೆ ಬೇಕಾದಂತೆ ಹಿಂದುಮುಂದು ಮಾಡಿದ್ದಾರೆಂಬ ಟೀಕೆ ಆಗಲೇ ಬಂದಿತ್ತು, ಅದರಲ್ಲಿ ಹುರುಳಿದೆ. ಹಾಗಿದ್ದೂ ಸಿಟ್ಟಿನ ವಿಳಾಸ ಸರಿಯಾಗಿತ್ತು ಎಂಬ ಕಾರಣಕ್ಕೆ ಈ ಚಿತ್ರವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುತ್ತ ಬಂದಿದ್ದೇನೆ.

ಇನ್ನು ಚೀನಾ. ಹೌದು, ಜಾಗ ಬದಲಾಗಿದೆ, ಆದರೆ ಹಾಲಿವುಡ್ಡಿನ ದೊಡ್ಡ ಚಿತ್ರಗಳಲ್ಲಿ ಚೀನೀ ಯಜಮಾನ ಆ ಪ್ರಮಾಣದಲ್ಲಿ ಕಾಣಿಸಿಕೊಂಡಿಲ್ಲ. ಚೀನಾದ ಚಿತ್ರಮಂದಿರಗಳ ಗಳಿಕೆಯನ್ನು ಯಾವ ಸ್ಟುಡಿಯೋವೂ ಕಳೆದುಕೊಳ್ಳಲು ಬಯಸದಿದ್ದದ್ದು ಇದಕ್ಕೊಂದು ಮುಖ್ಯ ಕಾರಣ. ಕಥಾಚಿತ್ರಗಳು ಬಿಟ್ಟುಕೊಟ್ಟ ಈ ವಿಷಯವನ್ನು 2019ರ ‘ಅಮೆರಿಕನ್ ಫ್ಯಾಕ್ಟರಿ’ ಎಂಬ ಸಾಕ್ಷ್ಯಚಿತ್ರ ಎತ್ತಿಕೊಂಡಿತು. ನಿರ್ದೇಶಕರಾದ ಸ್ಟೀವನ್ ಬೋಗ್ನರ್ ಮತ್ತು ಜೂಲಿಯಾ ರೈಕರ್ಟ್ ಒಹಾಯೊದ ಡೇಟನ್ ಪ್ರದೇಶದವರೇ. 2008ರ ಡಿಸೆಂಬರ್ 23ರಂದು ಅಲ್ಲಿನ ಮೊರೇನ್ ಪಟ್ಟಣದ ಜನರಲ್ ಮೋಟಾರ್ಸ್ ಕಾರ್ಖಾನೆ ಮುಚ್ಚಿದಾಗಲೂ ಕ್ಯಾಮೆರಾ ಹಿಡಿದು ನಿಂತಿದ್ದವರು ಇವರು. ಅದೇ ಕಟ್ಟಡವನ್ನು ಚೀನಾದ ಫುಯಾವೊ ಗಾಜಿನ ಕಂಪನಿ ಕೊಂಡು ಕೆಲಸ ಆರಂಭಿಸಿದಾಗ ಮತ್ತೆ ಒಳಗೆ ಹೋದರು. ಹಳೆಯ ಕಾರ್ಖಾನೆಯಲ್ಲಿ ಗಂಟೆಗೆ 29 ಡಾಲರಿಗೂ ಹೆಚ್ಚು ದುಡಿಯುತ್ತಿದ್ದ ಹೆಂಗಸೊಬ್ಬಳು ಹೊಸದರಲ್ಲಿ ತನಗೆ ಸಿಗುವುದು 12.84 ಡಾಲರ್ ಎಂದು ಹೇಳುತ್ತಾಳೆ. ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವವಳಂತೆ. ಆ ಒಂದು ವಾಕ್ಯದಲ್ಲಿ ಹಿಂದಿನ ಮೂವತ್ತು ವರ್ಷಗಳ ಕಥಾಚಿತ್ರಗಳೆಲ್ಲ ಹೇಳಲಾಗದ್ದು ಇದೆ.

ಈ ಚಿತ್ರದ ದೊಡ್ಡಗುಣವೆಂದರೆ ಎರಡೂ ಕಡೆಯ ಮನುಷ್ಯರ ಬಳಿ ಅದು ಕುಳಿತುಕೊಳ್ಳುತ್ತದೆ. ಅಮೆರಿಕನ್ನರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಚೀನೀ ಮೇಲ್ವಿಚಾರಕರಿಗೆ ಪಾಠ ನಡೆಯುತ್ತದೆ. ಕತ್ತೆಯನ್ನು ಕೂದಲು ಮಲಗಿದ ದಿಕ್ಕಿನಲ್ಲೇ ಸವರಬೇಕು ಎಂಬ ಉಪಮೆ ಅಲ್ಲಿ ಬರುತ್ತದೆ. ಹೆಂಡತಿ ಮಕ್ಕಳನ್ನು ಎರಡು ವರ್ಷ ಬಿಟ್ಟು ಬಂದ ಚೀನೀ ಕುಲುಮೆ ತಜ್ಞನ ಒಂಟಿತನವನ್ನೂ, ಚೀನೀ ಸಹೋದ್ಯೋಗಿಗಳನ್ನು ಹಬ್ಬದ ಊಟಕ್ಕೆ ಮನೆಗೆ ಕರೆದ ಅಮೆರಿಕನ್ ಮೇಲ್ವಿಚಾರಕನ ಸಡಗರವನ್ನೂ ನೋಡುತ್ತೇವೆ. ಆಮೇಲೆ ಆ ಅಮೆರಿಕನ್ನನ ಕೆಲಸವೇ ಹೋಗುತ್ತದೆ. ಕಾರ್ಮಿಕ ಸಂಘ ಬಂದರೆ ಕಾರ್ಖಾನೆ ಮುಚ್ಚುವೆನೆಂದು ಅಧ್ಯಕ್ಷ ಚಾವೊ ಡೆವಾಂಗ್ ಗುಡುಗುತ್ತಾರೆ. ಸಂಘದ ವಿರುದ್ಧ ಕೆಲಸಗಾರರ ಮನವೊಲಿಸಲು ಕಂಪನಿ ಕರೆಸುವ ಸಲಹೆಗಾರರು ಮಾತ್ರ ಅಪ್ಪಟ ಅಮೆರಿಕನ್ನರು. 2017ರ ನವೆಂಬರಿನ ಮತದಾನದಲ್ಲಿ ಸಂಘ ಬೇಡವೆಂದವರು 868, ಬೇಕೆಂದವರು 444. ಯಜಮಾನಿಕೆಗೆ ಪೌರತ್ವ ಅಡ್ಡಬರುವುದಿಲ್ಲ ಎಂಬುದನ್ನು ಚಿತ್ರ ಈ ದೃಶ್ಯಗಳಲ್ಲಿ ಪಕ್ಷ ಕಟ್ಟದೆ ತೋರಿಸುತ್ತದೆ.

ನಮ್ಮ ಸರದಿಯ ಮಾತು. 2000ದ ದಶಕದಲ್ಲೇ ಅಮೆರಿಕದಲ್ಲಿ ತಮ್ಮ ಕೆಲಸ ಭಾರತಕ್ಕೆ ಹೋಗಿ ಬರಿಗೈಯಾದವರನ್ನು ‘ಬ್ಯಾಂಗಲೋರ್ಡ್’ ಎಂದು ಕರೆಯುವ ರೂಢಿ ಹುಟ್ಟಿ, ನಮ್ಮ ಊರಿನ ಹೆಸರು ಅಲ್ಲಿ ಕ್ರಿಯಾಪದವಾಗಿತ್ತು. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸುವವರಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವವರಿಗೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆಯನ್ನು 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮ ಟೀಕಿಸಿದಾಗ ಇಲ್ಲಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅವರ ಮಾತಿನ ಗುರಿ ತೆರಿಗೆಯ ನಿಯಮವೇ ಆಗಿತ್ತು. ಕೇಳಿದವರ ಕಿವಿಯಲ್ಲಿ ಉಳಿದದ್ದು ಊರಿನ ಹೆಸರು. ಅದೇ ಒಬಾಮ ದಂಪತಿಯ ಸಂಸ್ಥೆ ಹತ್ತು ವರ್ಷಗಳ ನಂತರ ಹೊರತಂದ ಮೊದಲ ಚಿತ್ರ ‘ಅಮೆರಿಕನ್ ಫ್ಯಾಕ್ಟರಿ’. ಆದರೆ ನಕಟೋಮಿಯಂಥ ಭಾರತೀಯ ಕಂಪನಿಯ ಗೋಪುರವನ್ನು ಹಾಲಿವುಡ್ ಇನ್ನೂ ಕಟ್ಟಿಲ್ಲ. ನಾವು ಅಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿರುವುದು ದೂರವಾಣಿಯ ಇನ್ನೊಂದು ತುದಿಯ ದನಿಯಾಗಿ, ಕೆಲಸ ಕಸಿದವರಾಗಿಯೇ ಹೊರತು ಕೆಲಸ ಕೊಡುವ ಯಜಮಾನರಾಗಿ ಅಲ್ಲ. ಕಸಿದವನ ಮೇಲಿನ ಮುನಿಸು ಬೇರೆ, ಕೈಕೆಳಗಿಟ್ಟುಕೊಂಡವನ ಮೇಲಿನ ಮುನಿಸು ಬೇರೆ. ಎರಡನೆಯದು ನಮ್ಮ ಪಾಲಿಗೆ ಬರಬೇಕಾದರೆ ನಾವು ಅಲ್ಲಿನ ಊರಿಗೇ ಹೋಗಿ ಅಲ್ಲಿಯವರಿಗೆ ಸಂಬಳ ಕೊಡುವವರಾಗಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಳ್ಳಬೇಕು.

ಮಗನ ಜೊತೆ ಇನ್ನೊಂದು ಚಿತ್ರ ನೋಡುವ ಮನಸ್ಸಿದ್ದರೆ ‘ಅಮೆರಿಕನ್ ಫ್ಯಾಕ್ಟರಿ’ಯನ್ನೇ ನೋಡಿ, ಕೊನೆಯ ಕೆಲವು ನಿಮಿಷಗಳನ್ನು ತಪ್ಪಿಸಬೇಡಿ. ಅಧ್ಯಕ್ಷರು ಕಾರ್ಖಾನೆಯ ಸಾಲುಗಳ ನಡುವೆ ನಡೆದುಹೋಗುತ್ತಿದ್ದಾರೆ. ಪಕ್ಕದಲ್ಲಿರುವ ಅಧಿಕಾರಿ, ಈ ಜಾಗದಲ್ಲಿ ಯಂತ್ರದ ತೋಳು ಬಂದರೆ ಇಷ್ಟು ಜನರನ್ನು ಕಡಿಮೆ ಮಾಡಬಹುದೆಂದು ವಿವರಿಸುತ್ತಿದ್ದಾನೆ. ಆಮೇಲೆ ಪಾಳಿ ಮುಗಿದು ಜನ ಹೊರಬರುತ್ತಾರೆ, ಮೊದಲು ಒಂದು ದೇಶದಲ್ಲಿ, ಆಮೇಲೆ ಇನ್ನೊಂದರಲ್ಲಿ, ಕೈಚೀಲ ಹಿಡಿದು, ತಲೆ ತಗ್ಗಿಸಿ, ಮನೆಯ ಕಡೆಗೆ.